ಅವಮಾನದ ದಿನಗಳಲ್ಲಿ ಧರ್ಮಗ್ರಂಥವನ್ನು ಒಳಮುಖವಾಗಿ ಓದುವ ಕ್ರಮ

ದಿನವೂ ತಲೆ ತಗ್ಗಿಸಿ ಬದುಕಬೇಕಾಗಿ ಬಂದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಜಾತಿ ಕೇಳಿದ ಮೇಲೆ "ಮನೆ ಬೇರೆಯವರಿಗೆ ಕೊಟ್ಟಾಯ್ತು" ಎನ್ನಿಸಿಕೊಂಡವರು, ಗಂಡನ ಮನೆಯಲ್ಲಿ ಬಾಯಿ ತೆರೆದರೆ ಸಾಕು "ನಿನಗೆಂತ ಗೊತ್ತುಂಟು" ಎಂದು ಕೇಳಬೇಕಾದವರು, ಬೇರೆ ಧರ್ಮದ ಸಹಪಾಠಿಯ ಪಕ್ಕ ಬಸ್ಸಿನಲ್ಲಿ ಕೂತದ್ದಕ್ಕೆ ಅಡ್ಡಗಟ್ಟಿ ವಿಚಾರಿಸಲ್ಪಟ್ಟ ಕಾಲೇಜು ಮಕ್ಕಳು, ಮೇಲಿನವರ ಬೈಗುಳವನ್ನು ಸಂಬಳದ ಜೊತೆಗೇ ಬರುವುದೆಂದು ನುಂಗಿಕೊಂಡವರು. ಇವರಲ್ಲಿ ಹೆಚ್ಚಿನವರ ಮನೆಯಲ್ಲಿ ಒಂದು ಗೀತೆಯೋ ಬೈಬಲ್ಲೋ ಕುರ್‌ಆನೋ ಭಜನೆಯ ಪುಸ್ತಕವೋ ಇದ್ದೇ ಇರುತ್ತದೆ. ಅದನ್ನು ಕಣ್ಣಿಗೊತ್ತಿಕೊಂಡು ಪುನಃ ಕಪಾಟಿನಲ್ಲಿಡುವುದು ಎಲ್ಲರಿಗೂ ಗೊತ್ತು. ಸಂಕಟದ ದಿನ ಅದನ್ನು ಬಿಡಿಸಿ ಹೇಗೆ ಓದಬೇಕು ಎಂದು ಹೇಳಿಕೊಟ್ಟವರು ಕಡಿಮೆ.

ಮೊದಲೇ ಒಂದು ಮಾತು. ಇದು ಅನ್ಯಾಯವನ್ನು ಸಹಿಸಿಕೊಳ್ಳುವ ಅಭ್ಯಾಸವಲ್ಲ. ದಬ್ಬಾಳಿಕೆ ಮಾಡುವವರು ಹೊರಗೆ ಬಾಗಿಲು ಹಾಕುತ್ತಾರೆ, ಒಳಗೆ "ನಿನ್ನ ಯೋಗ್ಯತೆ ಇಷ್ಟೇ" ಎಂಬ ಮಾತನ್ನು ನೆಡುತ್ತಾರೆ. ಹೊರಗಿನ ಬಾಗಿಲಿಗೆ ಕಾನೂನು, ಸಂಘಟನೆ, ನಾಲ್ಕು ಜನರ ಬೆಂಬಲ ಬೇಕು. ಒಳಗೆ ಬೇರು ಬಿಟ್ಟ ಆ ಮಾತನ್ನು ಕಿತ್ತುಹಾಕಲು ಇವು ಸಾಲುವುದಿಲ್ಲ. ಕೋರ್ಟಿನಲ್ಲಿ ಗೆದ್ದು ಬಂದವರೂ ರಾತ್ರಿ ಮಲಗಿದಾಗ ಆ ಮಾತನ್ನೇ ಕೇಳಿಸಿಕೊಳ್ಳುತ್ತಾರೆ. ಅನುಭಾವಿಗಳು ಗ್ರಂಥ ಓದಿದ ರೀತಿ ನಮಗೆ ಬೇಕಾಗುವುದು ಅಲ್ಲಿ.

ಈ ಓದು ನಮ್ಮ ಊರಿನದೇ

ಒಳಾರ್ಥದ ಓದನ್ನು ಕಲಿಯಲು ದೂರ ಹೋಗಬೇಕಾಗಿಲ್ಲ. ಉಡುಪಿಯ ಹತ್ತಿರದ ಪಾಜಕದಲ್ಲಿ ಹುಟ್ಟಿ, 13ನೇ ಶತಮಾನದಲ್ಲಿ ಬದುಕಿದ ಮಧ್ವಾಚಾರ್ಯರ ಪರಂಪರೆಯಲ್ಲಿ ಒಂದು ಪ್ರಸಿದ್ಧವಾದ ಮಾತಿದೆ: ವೇದಗಳಿಗೆ ಮೂರು ಅರ್ಥ, ಮಹಾಭಾರತಕ್ಕೆ ಹತ್ತು ಅರ್ಥ, ವಿಷ್ಣುಸಹಸ್ರನಾಮಕ್ಕೆ ನೂರು ಅರ್ಥ. ಋಗ್ವೇದದ ಮೊದಲ 40 ಸೂಕ್ತಗಳಿಗೆ ಆಚಾರ್ಯರು ಭಾಷ್ಯ ಬರೆದಿದ್ದಾರೆ. ಮಹಾಭಾರತ ತಾತ್ಪರ್ಯ ನಿರ್ಣಯದ ಎರಡನೆಯ ಅಧ್ಯಾಯದಲ್ಲಿ ಅವರು ಭಾರತದ ಪಾತ್ರಗಳನ್ನು ಮನಸ್ಸಿನೊಳಗಿನ ಶಕ್ತಿಗಳಾಗಿಯೂ ಕಾಣಿಸುತ್ತಾರೆ. ಅಲ್ಲಿ ದ್ರೌಪದಿ ವಿದ್ಯೆ, ದುರ್ಯೋಧನ ಅಜ್ಞಾನ, ದುಃಶಾಸನ ವಿಪರೀತ ಜ್ಞಾನ, ಶಕುನಿ ನಾಸ್ತಿಕ್ಯ. ಈ ನಾಲ್ಕನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮಂಗಳೂರಿನ ಕಥೋಲಿಕರಿಗೆ 12ನೇ ಶತಮಾನದ ಸನ್ಯಾಸಿ ಎರಡನೆಯ ಗಿಗೋ ಬರೆದಿಟ್ಟ ನಾಲ್ಕು ಮೆಟ್ಟಿಲುಗಳಿವೆ: ಓದು, ಮನನ, ಪ್ರಾರ್ಥನೆ, ಮೌನ ಧ್ಯಾನ. ಮುಸ್ಲಿಮರಿಗೆ 1111ರಲ್ಲಿ ತೀರಿಕೊಂಡ ಇಮಾಮ್ ಗಝ್ಝಾಲಿಯವರು ಕುರ್‌ಆನ್ ಪಠಣದ ಒಳಶಿಸ್ತನ್ನು ಹೇಳಿಕೊಟ್ಟಿದ್ದಾರೆ. ಪ್ರತಿಯೊಂದು ವಚನವನ್ನೂ ಅದು ನಿನ್ನೊಬ್ಬನಿಗೇ ಹೇಳಿದ್ದು ಎಂಬಂತೆ ಓದಬೇಕೆಂಬುದು ಅದರಲ್ಲಿ ಒಂದು.

ಇವುಗಳ ಜೊತೆಗೆ ಕರಾವಳಿಯವರಾದ ನಮಗೆಲ್ಲ ಜಾತಿ ಧರ್ಮದ ಹಂಗಿಲ್ಲದೆ ಕಿವಿಗೆ ಬಿದ್ದದ್ದು ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಳೆ. ಭಾಗವತರು ಒಂದು ಪದ್ಯ ಹಾಡುತ್ತಾರೆ, ಅರ್ಥಧಾರಿ ಪಾತ್ರದ ಒಳಗೆ ಹೊಕ್ಕು ಅದಕ್ಕೆ ಮಾತು ಕೊಡುತ್ತಾರೆ. ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯಿಲ್ಲ. ನಾಲ್ಕು ಸಾಲಿನ ಪದ್ಯದಿಂದ ಅರ್ಧ ಗಂಟೆಯ ಮಾತು ಹೊರಡುತ್ತದೆ. ಗ್ರಂಥದ ಪಾತ್ರವನ್ನು ತನ್ನ ಬಾಯಿಂದ ಮಾತಾಡಿಸುವ ಈ ಕಲೆಯನ್ನು ಒಬ್ಬರೇ ಕೂತು ಓದುವಾಗಲೂ ಬಳಸಬಹುದು ಎಂಬುದು ನನ್ನ ದೃಢ ನಂಬಿಕೆ. ಮುಂದೆ ಹೇಳುವ ಕ್ರಮದ ಜೀವಾಳ ಅದೇ.

ಮೊದಲನೆಯದು: ಭಾಗವನ್ನು ಆರಿಸಿಕೊಳ್ಳುವುದು

ಸಮಾಧಾನ ಹೇಳುವ ಸಾಲುಗಳಿಂದ ಶುರು ಮಾಡಬೇಡಿ. ಎದೆ ಉರಿಯುತ್ತಿರುವಾಗ "ಎಲ್ಲ ಒಳ್ಳೆಯದಕ್ಕೇ" ಎಂಬ ಸಾಲು ಓದಿದರೆ ಅದು ಬೈದವರ ಪರವಾಗಿ ಮಾತಾಡಿದಂತೆ ಕೇಳಿಸುತ್ತದೆ. ಯಾರೋ ಒಬ್ಬರು ಅವಮಾನದ ನಟ್ಟನಡುವೆ ನಿಂತಿರುವ ಭಾಗವನ್ನು ಆರಿಸಿ. ಸಭಾಪರ್ವದ ದ್ರೌಪದಿ, ಭಾಗವತದ ಪ್ರಹ್ಲಾದ, ಕುರ್‌ಆನಿನ 12ನೇ ಅಧ್ಯಾಯವಾದ ಯೂಸುಫ್, ಬೈಬಲಿನ ಆದಿಕಾಂಡದ ಹಾಗರಳು, ಅದೇ ಬೈಬಲಿನ 13ನೇ ಕೀರ್ತನೆ, ಇಲ್ಲವೇ ಕನಕದಾಸರು ಉಡುಪಿಯಲ್ಲಿ ಹಾಡಿದರೆನ್ನುವ "ಬಾಗಿಲನು ತೆರೆದು ಸೇವೆಯನು ಕೊಡು ಹರಿಯೇ". ಬಾಲ್ಯದಿಂದ ಕೇಳಿದ ಪಾಡ್ದನ (ತುಳುವಿನ ಕಥನ ಹಾಡು) ಮನಸ್ಸಿಗೆ ಹತ್ತಿರವಾಗಿದ್ದರೆ ಅದೂ ಆಗುತ್ತದೆ. ಅಜ್ಜಿ ಗದ್ದೆಯಲ್ಲಿ ನೇಜಿ ನೆಡುತ್ತಾ ಹಾಡಿದ್ದು ಅಚ್ಚಾಗಿಲ್ಲ ಎಂದು ಅದರ ಅಂತಸ್ತು ಕಡಿಮೆಯಾಗುವುದಿಲ್ಲ.

ಒಂದು ಭಾಗ ಹಿಡಿದರೆ ಕನಿಷ್ಠ ಒಂದು ವಾರ ಅದನ್ನೇ ಓದಿ. ದಿನಕ್ಕೊಂದು ಹೊಸ ಸಾಲನ್ನು ಮೊಬೈಲಿನಲ್ಲಿ ನೋಡುವ ಅಭ್ಯಾಸವಿದ್ದರೆ ಈ ವಾರ ಅದನ್ನು ಬಿಡಿ. ಕನ್ನಡದಲ್ಲಿ ಗಟ್ಟಿಯಾಗಿ ಓದಲು ಕುಮಾರವ್ಯಾಸನಷ್ಟು ಒದಗಿ ಬರುವ ಕವಿ ಇನ್ನೊಬ್ಬನಿಲ್ಲ. ಷಟ್ಪದಿಯ ನಡೆಯೇ ಉಸಿರನ್ನು ಹದಕ್ಕೆ ತರುತ್ತದೆ.

ಜಾಗ, ಹೊತ್ತು

ಇಪ್ಪತ್ತು ನಿಮಿಷ ಸಾಕು. ಮನೆಯಲ್ಲಿ ನಿಮ್ಮದೇ ಎನ್ನುವ ಕೋಣೆ ಇಲ್ಲದಿದ್ದರೆ (ತೊಂದರೆಯಲ್ಲಿರುವ ಹೆಚ್ಚಿನವರಿಗೆ ಇರುವುದಿಲ್ಲ) ಎಲ್ಲರೂ ಏಳುವ ಮೊದಲಿನ ಅಡುಗೆಮನೆ, ಕೆಲಸಕ್ಕೆ ಹೊರಡುವ ಮೊದಲ ಸರ್ವಿಸ್ ಬಸ್ಸಿನ ಕಿಟಕಿ ಸೀಟು, ಮಧ್ಯಾಹ್ನದ ಹೊತ್ತಿನ ಸಂತ ಅಲೋಶಿಯಸ್ ಚಾಪೆಲ್, ಕದ್ರಿ ಗುಡ್ಡೆ, ಬೆಳಗಿನ ಜಾವದ ಮಲ್ಪೆ ತೀರ, ಯಾವುದಾದರೂ ಆದೀತು. ನಿಮ್ಮನ್ನು ಅವಮಾನಿಸಿದವರು ಓಡಾಡುವ ಜಾಗ ಮಾತ್ರ ಬೇಡ. ಹೆಜ್ಜೆ ಸಪ್ಪಳ ಕೇಳಿದಾಗಲೆಲ್ಲ ಮೈ ಬಿಗಿಯಾಗುತ್ತಿದ್ದರೆ ಓದು ಒಳಗಿಳಿಯುವುದಿಲ್ಲ.

ಎರಡನೆಯದು: ನಡೆದದ್ದನ್ನು ನಡೆದಂತೆಯೇ ಓದುವುದು

ಒಳಾರ್ಥಕ್ಕೆ ಅವಸರ ಮಾಡುವವರು ಎಡವುವುದು ಇಲ್ಲಿ. ಮೊದಲ ಎರಡು ದಿನ ಕತೆಯನ್ನು ಕತೆಯಾಗಿಯೇ ಓದಿ. ಗಟ್ಟಿಯಾಗಿ ಓದಿ, ಕನಿಷ್ಠ ತುಟಿ ಅಲ್ಲಾಡುವಷ್ಟು. ಯಾರು ಯಾರಿಗೆ ಏನು ಮಾಡಿದರು, ಯಾರು ನೋಡುತ್ತಾ ಕೂತರು, ಯಾರು ಎದ್ದು ಮಾತಾಡಿದರು ಎಂದು ಒಂದು ಕಾಗದದಲ್ಲಿ ಬರೆದುಕೊಳ್ಳಿ.

ಸಭಾಪರ್ವವನ್ನೇ ನೋಡಿ. ಜೂಜು ಮುಗಿದ ಮೇಲೆ ದ್ರೌಪದಿಯನ್ನು ಕರೆತರಲು ಮೊದಲು ಬಂದವನು ದುಃಶಾಸನನಲ್ಲ, ಪ್ರಾತಿಕಾಮಿ ಎಂಬ ಸೇವಕ. ಅವಳು ಅವನ ಹಿಂದೆ ಹೊರಡುವುದಿಲ್ಲ. ಒಂದು ಪ್ರಶ್ನೆ ಕೊಟ್ಟು ವಾಪಸು ಕಳಿಸುತ್ತಾಳೆ: ರಾಜ ಮೊದಲು ತನ್ನನ್ನು ಸೋತನೋ, ನನ್ನನ್ನೋ? ತನ್ನನ್ನೇ ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಉಂಟೇ ಎಂಬುದು ಅದರೊಳಗಿನ ವಾದ. ಆಮೇಲೆ ಅವಳನ್ನು ಕೂದಲು ಹಿಡಿದು ಎಳೆತಂದಾಗಲೂ ಅದೇ ಪ್ರಶ್ನೆಯನ್ನು ತುಂಬಿದ ಸಭೆಯ ಮುಂದಿಡುತ್ತಾಳೆ. ಧರ್ಮ ಸೂಕ್ಷ್ಮವಾದದ್ದು, ಉತ್ತರ ಹೇಳಲಾರೆ ಎನ್ನುತ್ತಾನೆ ಭೀಷ್ಮ. ಅವಳ ಪರ ಎದ್ದವನು ಕೌರವರಲ್ಲೇ ಒಬ್ಬ, ವಿಕರ್ಣ.

ಇಷ್ಟು ಬರೆದುಕೊಂಡಾಗಲೇ ಮನಸ್ಸಿಗೆ ಒಂದು ಸಂಗತಿ ಹೊಳೆಯುತ್ತದೆ. ಸುಮ್ಮನೆ ಕೂತ ಹಿರಿಯರು ನಿಮ್ಮ ಆಫೀಸಿನಲ್ಲಿ, ನಿಮ್ಮ ಕುಟುಂಬದಲ್ಲಿ ಮಾತ್ರ ಇದ್ದದ್ದಲ್ಲ. ಅವರ ಮೌನವನ್ನು ವ್ಯಾಸರು ಬಚ್ಚಿಡಲಿಲ್ಲ. ನಿಮಗಾದದ್ದು ಅನ್ಯಾಯ ಎಂದು ಗ್ರಂಥವೇ ಸಾಕ್ಷಿ ಹೇಳಿದ ಮೇಲೆ ಒಳಗಿಳಿಯಲು ಧೈರ್ಯ ಬರುತ್ತದೆ.

ಮೂರನೆಯದು: ಅದೇ ಸಭೆ ನಿಮ್ಮೊಳಗೆ

ಈಗ ಮಧ್ವರು ಕೊಟ್ಟ ಕೀಲಿಯನ್ನು ಕೈಗೆತ್ತಿಕೊಳ್ಳಿ. ದ್ರೌಪದಿ ನಿಮ್ಮೊಳಗಿನ ವಿದ್ಯೆ. ನಾನು ಯಾರು, ನನಗೆ ಏನು ಬರುತ್ತದೆ, ನನ್ನ ಮೇಲೆ ಯಾರ ಹಕ್ಕು ಎಷ್ಟು ಎಂಬುದರ ನಿಚ್ಚಳ ಅರಿವು. ದುಃಶಾಸನ ವಿಪರೀತ ಜ್ಞಾನ, ಅಂದರೆ ಇದ್ದದ್ದನ್ನು ತಿರುಚಿ ಕಾಣುವ ಬುದ್ಧಿ. ಮೇಲಾದವಳನ್ನು ದಾಸಿ ಎನ್ನುವುದು, ಮನುಷ್ಯನನ್ನು ಮುಟ್ಟಬಾರದವನು ಎನ್ನುವುದು, ದುಡಿದು ತಂದವಳನ್ನು ದಂಡ ಎನ್ನುವುದು. ಈ ದುಃಶಾಸನ ಹೊರಗಿನಿಂದ ಬಂದವನಾದರೂ ವರ್ಷಗಟ್ಟಲೆ ಕೇಳಿಸಿಕೊಂಡ ಮೇಲೆ ಒಳಗೇ ಬಿಡಾರ ಹೂಡುತ್ತಾನೆ. ಬೈಯುವವರು ಎದುರಿಗೆ ಇಲ್ಲದಾಗಲೂ ನಿಮ್ಮ ದನಿಯಲ್ಲೇ ನಿಮ್ಮನ್ನು ಬೈಯುವವನು ಅವನು.

ಮೂರನೆಯ ದಿನ ಓದುವಾಗ ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ನನ್ನೊಳಗೆ ಕೂದಲು ಹಿಡಿದು ಎಳೆಯುತ್ತಿರುವ ಆ ಮಾತು ಯಾವುದು? ಅದನ್ನು ಒಂದು ವಾಕ್ಯದಲ್ಲಿ ಬರೆಯಿರಿ. "ನನಗೆ ಇಂಗ್ಲಿಷ್ ಸರಿಯಾಗಿ ಬರುವುದಿಲ್ಲ, ಹಾಗಾಗಿ ಬೈಸಿಕೊಳ್ಳಲೇಬೇಕು." "ನಮ್ಮ ಜಾತಿಯವರು ಮುಂದೆ ಕೂರಬಾರದು." "ಮಕ್ಕಳಾಗಲಿಲ್ಲ, ಹಾಗಾಗಿ ಇಷ್ಟು ಸಹಿಸಬೇಕು." ಬರೆದ ಕೂಡಲೇ ಅದರ ಪಕ್ಕದಲ್ಲಿ ಇದನ್ನು ನನಗೆ ಮೊದಲು ಹೇಳಿದವರು ಯಾರು ಎಂದು ಬರೆಯಿರಿ. ಹೆಚ್ಚಿನ ಸಲ ಒಂದು ಹೆಸರು ಬರುತ್ತದೆ. ಆ ವಾಕ್ಯ ನಿಮ್ಮದಲ್ಲ, ಇನ್ನೊಬ್ಬರು ನಿಮ್ಮಲ್ಲಿ ಇಟ್ಟುಹೋದದ್ದು ಎಂದು ಕಣ್ಣಾರೆ ಕಾಣುವುದೇ ಈ ಓದಿನ ಮೊದಲ ಫಲ. ಅನುಭಾವಿಗಳು ಹೇಳುವ ಶಾಂತಿ ಬೆಳಕಾಗಿ, ಕಂಪನವಾಗಿ ಬರಬೇಕೆಂದೇನಿಲ್ಲ. ಬಹಳ ಮಂದಿಗೆ ಅದು ಹೀಗೆ, ಎದೆಯ ಮೇಲಿನ ಭಾರ ಒಂದು ಗೇಣು ಪಕ್ಕಕ್ಕೆ ಸರಿದ ಹಾಗೆ ಬರುತ್ತದೆ.

ಶಕುನಿಯನ್ನೂ ಮರೆಯಬಾರದು. ನಾಸ್ತಿಕ್ಯ ಎಂದು ಆಚಾರ್ಯರು ಅವನಿಗಿಟ್ಟ ಹೆಸರನ್ನು ದೇವರನ್ನು ನಂಬದವರಿಗೆ ಅಂಟಿಸಿ ಬಿಡುವುದು ಸುಲಭ. ಒಳಗಿನ ಓದಿನಲ್ಲಿ ನಾನು ಅದನ್ನು ಬೇರೆ ರೀತಿ ಕಾಣುತ್ತೇನೆ: ಒಳ್ಳೆಯದಾಗುವುದು ಸಾಧ್ಯವೇ ಇಲ್ಲ, ಪಗಡೆ ಯಾವತ್ತೂ ಅವರ ಕಡೆಗೇ ಬೀಳುತ್ತದೆ ಎಂಬ ನಿರಾಸೆ. ದುಃಶಾಸನನಿಗಿಂತ ಇವನು ಅಪಾಯದವನು, ಏಕೆಂದರೆ ಇವನು ಕಿರುಚುವುದಿಲ್ಲ.

ನಾಲ್ಕನೆಯದು: ಅರ್ಥ ಹೇಳುವುದು

ತಾಳಮದ್ದಳೆಯ ಕಲೆ ಇಲ್ಲಿ ಒದಗುತ್ತದೆ. ಪಾತ್ರದ ಪದ್ಯವನ್ನೋ ವಚನವನ್ನೋ ಒಮ್ಮೆ ಓದಿ, ಪುಸ್ತಕ ಮಡಚಿಟ್ಟು, ಆ ಪಾತ್ರವಾಗಿ ಮಾತಾಡಿ. ದ್ರೌಪದಿಯಾಗಿ "ಸಭಿಕರೇ" ಎಂದು ಶುರು ಮಾಡಿ. ಮೊದಲ ನಾಲ್ಕು ಮಾತು ಪುರಾಣದ್ದಾಗಿರುತ್ತದೆ. ಐದನೆಯದಕ್ಕೆ ನಿಮ್ಮದು ಬರತೊಡಗುತ್ತದೆ, ತುಳುವಿನಲ್ಲಿ, ಕೊಂಕಣಿಯಲ್ಲಿ, ಬ್ಯಾರಿಯಲ್ಲಿ, ಮನೆಯಲ್ಲಿ ಆಡುವ ಯಾವ ಭಾಷೆಯೋ ಅದರಲ್ಲಿ. ಬರಲಿ, ತಡೆಯಬೇಡಿ. ಮನೆಯಲ್ಲಿ ಜನ ಇದ್ದರೆ ಬರೆಯಬಹುದು, ಇಲ್ಲವೇ ಮೊಬೈಲನ್ನು ಕಿವಿಗೆ ಹಿಡಿದು ಯಾರಿಗೋ ಹೇಳುವಂತೆ ಅಂಗಳದಲ್ಲಿ ನಡೆಯುತ್ತಾ ಮಾತಾಡಬಹುದು.

ಇದರಲ್ಲಿ ಒಂದು ಕಟ್ಟುಪಾಡು ಇರಲಿ. ಅರ್ಥ ಹೇಳುವಾಗ ಎದುರಾಳಿಯ ಪಾತ್ರವನ್ನು ನೀವೇ ವಹಿಸಬೇಡಿ. ದುರ್ಯೋಧನನೊಳಗೂ ಹೊಕ್ಕು ನೋಡುವುದು ದೊಡ್ಡ ಅರ್ಥಧಾರಿಗಳ ಸಾಮರ್ಥ್ಯ, ಅದು ವೇದಿಕೆಗೆ ಒಪ್ಪುತ್ತದೆ. ಗಾಯ ಹಸಿಯಾಗಿರುವಾಗ ಬೈದವರ ಕಡೆಯಿಂದ ಯೋಚಿಸುವ ಕೆಲಸವನ್ನು ನಿಮ್ಮ ಮೇಲೆ ಹೇರಿಕೊಳ್ಳಬೇಡಿ. ವರ್ಷಗಟ್ಟಲೆ ನೀವು ಮಾಡಿದ್ದು ಅದನ್ನೇ ತಾನೆ? ಕ್ಷಮೆ ಬರುವುದಾದರೆ ತನ್ನ ಕಾಲಕ್ಕೆ ಬರುತ್ತದೆ. ಅದನ್ನು ಮೊದಲ ವಾರದ ಪಾಠವನ್ನಾಗಿ ಮಾಡುವವರನ್ನು ನಾನು ಒಪ್ಪುವುದಿಲ್ಲ.

ಅಳುವಿಗೂ ಜಾಗ ಕೊಡಿ

ಭಕ್ತರು ಅಳಬಾರದು, ದೇವರನ್ನು ಪ್ರಶ್ನಿಸಬಾರದು ಎಂದು ನಮ್ಮಲ್ಲಿ ಹಲವರಿಗೆ ಕಲಿಸಿಬಿಟ್ಟಿದ್ದಾರೆ. ಗ್ರಂಥಗಳು ಹಾಗೆ ಹೇಳುವುದಿಲ್ಲ. 13ನೇ ಕೀರ್ತನೆ ಶುರುವಾಗುವುದೇ "ಎಲ್ಲಿಯವರೆಗೆ" ಎಂಬ ಪ್ರಶ್ನೆಯಿಂದ, ಮೊದಲ ಎರಡು ವಚನಗಳಲ್ಲಿ ನಾಲ್ಕು ಸಲ ಅದೇ ಪ್ರಶ್ನೆ. 88ನೇ ಕೀರ್ತನೆಗೆ ಸುಖದ ಮುಕ್ತಾಯವೇ ಇಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಅದನ್ನು ತೆಗೆದುಹಾಕದೆ ಉಳಿಸಿಕೊಂಡ ಹಿರಿಯರ ವಿವೇಕ ದೊಡ್ಡದು. ಕುರ್‌ಆನಿನಲ್ಲಿ ಯೂಸುಫರ ತಂದೆ ಯಾಕೂಬರು "ಸುಂದರವಾದ ಸಹನೆ"ಯ ಮಾತಾಡಿದವರು, ಆದರೂ ಮಗನಿಗಾಗಿ ಅತ್ತು ಅತ್ತು ಅವರ ಕಣ್ಣು ಬೆಳ್ಳಗಾಯಿತು. ನನ್ನ ಸಂಕಟವನ್ನು ನಾನು ಅಲ್ಲಾಹನಲ್ಲಿ ಹೇಳಿಕೊಳ್ಳುತ್ತೇನೆ ಎನ್ನುತ್ತಾರೆ ಅವರು. ಸಹನೆ ಇದ್ದಲ್ಲಿ ಕಣ್ಣೀರು ಇರಬಾರದೆಂದಿಲ್ಲ ಎಂಬುದಕ್ಕೆ ಪ್ರವಾದಿಯೊಬ್ಬರ ಸಾಕ್ಷಿಯೇ ಸಾಕು.

ಕನಕದಾಸರ ಕೀರ್ತನೆಯನ್ನು ಈ ಕಿವಿಯಿಂದ ಕೇಳಿ ನೋಡಿ. "ಕೂಗಿದರೂ ಧ್ವನಿ ಕೇಳಲಿಲ್ಲವೇ" ಎಂದು ದೇವರನ್ನೇ ತರಾಟೆಗೆ ತೆಗೆದುಕೊಳ್ಳುವ ಹಾಡು ಅದು. ಚರಣಗಳಲ್ಲಿ ಬರುವವರೆಲ್ಲ ಸಂಕಟದಲ್ಲಿ ಸಿಕ್ಕಿಕೊಂಡವರೇ: ಮೊಸಳೆ ಹಿಡಿದ ಗಜೇಂದ್ರ, ಖಡ್ಗ ಹಿಡಿದ ತಂದೆಯ ಮುಂದೆ ನಿಂತ ಪ್ರಹ್ಲಾದ, ವಸ್ತ್ರ ಸೆಳೆಯಲ್ಪಟ್ಟ ದ್ರೌಪದಿ. ಅವರಿಗೆಲ್ಲ ಆಗ ಬಂದೆ, ನನಗೇಕೆ ತಡ, ನಿನಗೆ ಸಮಯ ಅಸಮಯ ಎಂದುಂಟೇ ಎಂಬ ವಾದ. ಉಡುಪಿಯಲ್ಲಿ ಕೃಷ್ಣ ಪಶ್ಚಿಮಕ್ಕೆ ಮುಖ ಮಾಡಿದ್ದಾನೆ. ಒಳಗೆ ಬಿಡದ ಕನಕನಿಗೆ ದರ್ಶನ ಕೊಡಲು ತಿರುಗಿದನೆಂದು, ಗೋಡೆ ಬಿರಿಯಿತೆಂದು ಐತಿಹ್ಯ. ಇವತ್ತು ನಾವು ಕಿಂಡಿಯನ್ನು ಕೊಂಡಾಡುತ್ತೇವೆ. ಹಾಡು ಕೇಳಿದ್ದು ಬಾಗಿಲನ್ನು. ಓದುವಾಗ ಈ ವ್ಯತ್ಯಾಸ ಮನಸ್ಸಿನಲ್ಲಿರಲಿ: ಒಳಗೆ ದರ್ಶನವಾಯಿತೆಂದು ಹೊರಗಿನ ಬಾಗಿಲಿನ ಬೇಡಿಕೆ ಮುಗಿಯುವುದಿಲ್ಲ. ಒಳಾರ್ಥ ಬೇಕಾದವರು ಇದೇ ಪಲ್ಲವಿಯನ್ನು ತಿರುಗಿಸಿ, ಅವಮಾನದ ಹೆದರಿಕೆಗೆ ನಾನೇ ಒಳಗಿನಿಂದ ಹಾಕಿಕೊಂಡ ಅಗುಳಿ ಯಾವುದು ಎಂದೂ ಕೇಳಿಕೊಳ್ಳಬಹುದು. ಎರಡೂ ಅರ್ಥ ಒಟ್ಟಿಗೇ ನಿಲ್ಲುತ್ತವೆ.

ಆಮೇಲೆ ಸುಮ್ಮನೆ ಕೂರುವುದು

ಮಾತು, ಅಳು ಎಲ್ಲ ಮುಗಿದ ಮೇಲೆ ಐದು ನಿಮಿಷ ಏನೂ ಮಾಡಬೇಡಿ. ಓದಿದ ಭಾಗದಿಂದ ಒಂದು ಚಿಕ್ಕ ಪದಗುಚ್ಛವನ್ನು ಉಸಿರಿನ ಜೊತೆ ಹಿಡಿದುಕೊಳ್ಳಿ. ಮನಸ್ಸು ಬೈದವರ ಮುಖಕ್ಕೆ ಓಡುತ್ತದೆ. ಓಡಿದಲ್ಲಿಂದ ಅದನ್ನು ಮತ್ತೆ ಮತ್ತೆ ಒಳಕ್ಕೆ ತರುವುದೇ ಅಭ್ಯಾಸ ಎಂದು ಗೀತೆಯ 6ನೇ ಅಧ್ಯಾಯದ 26ನೇ ಶ್ಲೋಕ ಹೇಳುತ್ತದೆ. ಓಡಬಾರದು ಎಂದು ಅಲ್ಲಿ ಹೇಳಿಲ್ಲ. ಸುಮ್ಮನೆ ಕೂತರೆ ಎದೆಬಡಿತ ಹೆಚ್ಚುವವರು, ಹಳೆಯ ಪೆಟ್ಟಿನ ದೃಶ್ಯಗಳು ನುಗ್ಗಿ ಬರುವವರು ಕಣ್ಣು ಮುಚ್ಚಬೇಡಿ. ನಡೆಯುತ್ತಾ, ಇಲ್ಲವೇ ಕೈಗೊಂದು ಕೆಲಸ ಕೊಟ್ಟು ಹೇಳಿಕೊಳ್ಳಿ. ಬೀಡಿ ಕಟ್ಟುತ್ತಾ, ಮಲ್ಲಿಗೆ ಕಟ್ಟುತ್ತಾ ಭಜನೆ ಗುನುಗುವ ಹೆಂಗಸರು ಈ ವಿದ್ಯೆಯಲ್ಲಿ ನಮಗಿಂತ ಮುಂದಿದ್ದಾರೆ.

ಐದನೆಯದು: ಯೂಸುಫರ ಹೊಸ್ತಿಲು

ಈ ಹಂತವನ್ನು ಬಿಟ್ಟರೆ ಹಿಂದಿನದ್ದೆಲ್ಲ ವ್ಯರ್ಥ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಅಣ್ಣಂದಿರು ಬಾವಿಗೆ ಎಸೆದ ಯೂಸುಫರು ಗುಲಾಮರಾಗಿ ಮಾರಲ್ಪಟ್ಟು, ಒಡೆಯನ ಹೆಂಡತಿ ಆರೋಪ ಹೊರಿಸಿದ ಮೇಲೆ ಮಾಡದ ತಪ್ಪಿಗೆ ಸೆರೆಮನೆ ಸೇರುತ್ತಾರೆ. ವರ್ಷಗಳೇ ಕಳೆಯುತ್ತವೆ. ಸೂಫಿ ಓದುಗರು ಆ ಬಾವಿಯನ್ನು, ಸೆರೆಮನೆಯನ್ನು ಆತ್ಮ ಹದಗೊಳ್ಳುವ ಏಕಾಂತವಾಗಿ ಕಂಡಿದ್ದಾರೆ. ಆ ಓದು ಸುಂದರ, ಕತ್ತಲೆಯಲ್ಲಿ ಕೂತವರಿಗೆ ಆಸರೆ. ಆದರೆ 50ನೇ ವಚನಕ್ಕೆ ಬನ್ನಿ. ಕನಸಿನ ಅರ್ಥ ಹೇಳಿದ ಯೂಸುಫರನ್ನು ಕರೆತರಲು ರಾಜ ದೂತನನ್ನು ಕಳಿಸುತ್ತಾನೆ. ಸೆರೆಮನೆಯ ಬಾಗಿಲು ತೆರೆದಿದೆ. ಯೂಸುಫರು ಹೊರಗೆ ಬರುವುದಿಲ್ಲ. ನಿನ್ನ ಒಡೆಯನಲ್ಲಿಗೆ ಹಿಂದಿರುಗಿ, ಕೈ ಕೊಯ್ದುಕೊಂಡ ಆ ಹೆಂಗಸರ ವಿಷಯವೇನೆಂದು ಕೇಳು ಎನ್ನುತ್ತಾರೆ (ಹಿಂದೆ ಯೂಸುಫರ ರೂಪಕ್ಕೆ ಬೆರಗಾಗಿ ಕೈ ಕೊಯ್ದುಕೊಂಡವರು ಅವರು). ಅಂದರೆ, ನನ್ನ ಮೇಲಿನ ಆರೋಪದ ವಿಚಾರಣೆ ಮೊದಲು ಆಗಲಿ. ವಿಚಾರಣೆ ಆಗುತ್ತದೆ, ಆರೋಪ ಹೊರಿಸಿದವಳೇ ಸತ್ಯ ಒಪ್ಪಿಕೊಳ್ಳುತ್ತಾಳೆ.

ಒಳಗೆ ಇಷ್ಟು ಶಾಂತವಾಗಿದ್ದವರು ಹೊರಗಿನ ನ್ಯಾಯವನ್ನು ಬಿಟ್ಟುಕೊಡಲಿಲ್ಲ. ಶಾಂತವಾಗಿದ್ದುದರಿಂದಲೇ ಅವಸರ ಪಡದೆ ಅದನ್ನು ಕೇಳಲು ಅವರಿಗೆ ಸಾಧ್ಯವಾಯಿತು. ವಾರದ ಕೊನೆಯ ದಿನ ಈ ವಚನವನ್ನು ಓದಿ, ಯಾವ ಧರ್ಮದವರಾದರೂ ಸರಿ, ನಿಮ್ಮ ವಿಷಯದಲ್ಲಿ ಆಗಬೇಕಾದ ವಿಚಾರಣೆ ಯಾವುದು ಎಂದು ಬರೆಯಿರಿ. ಮನೆಯವರ ಮುಂದೆ ಆಡಬೇಕಾದ ಒಂದು ಮಾತು ಇರಬಹುದು, ಕೊಡಬೇಕಾದ ಒಂದು ಲಿಖಿತ ದೂರು ಇರಬಹುದು, ಬಿಟ್ಟು ಹೊರಡಬೇಕಾದ ಜಾಗ ಇರಬಹುದು.

ಇದಕ್ಕೆ ಬೇಕಾದ ಕೆಲವು ವಿವರಗಳು. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಪಡೆಯುವ ಹಕ್ಕನ್ನು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಕೊಟ್ಟಿದೆ. ಸಹಾಯವಾಣಿ 15100, ಮಂಗಳೂರಿನಲ್ಲೂ ಉಡುಪಿಯಲ್ಲೂ ಜಿಲ್ಲಾ ಪ್ರಾಧಿಕಾರಗಳಿವೆ. ಜಾತಿ ದೌರ್ಜನ್ಯಕ್ಕೆ 14566, ಮಹಿಳೆಯರಿಗೆ 181, ತುರ್ತಿಗೆ 112. ಕೆಲಸದ ಜಾಗದ ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆಯ ಪ್ರಕಾರ ಘಟನೆಯಾದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು, ಹಾಗಾಗಿ ಆತ್ಮಚಿಂತನೆಗೆಂದು ಆ ಗಡುವನ್ನು ದಾಟಿಸಬೇಡಿ. ನಿದ್ದೆ ಬಾರದೆ, ಬದುಕುವುದೇ ಬೇಡ ಎನ್ನಿಸುತ್ತಿದ್ದರೆ ಪುಸ್ತಕ ಪಕ್ಕಕ್ಕಿಟ್ಟು 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆ ಅದು, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ದಾರಿ ತಪ್ಪಿಸುವ ಓದು

ಒಳಾರ್ಥ ಹೇಳುವವರೆಲ್ಲ ನಂಬಿಕೆಗೆ ಅರ್ಹರಲ್ಲ. ನಿಮ್ಮ ಕಷ್ಟ ಹಿಂದಿನ ಜನ್ಮದ ಫಲ, ಅನುಭವಿಸಿ ತೀರಿಸಿಬಿಡಿ ಎಂದು ಯಾರಾದರೂ ಹೇಳಿದರೆ, ಇದೇ ಮಾತನ್ನು ಅವರು ಹಿಂಸಿಸುವವರಿಗೂ ಹೇಳುತ್ತಾರೆಯೇ ಎಂದು ನೋಡಿ. ನಮ್ಮ ಜಿಲ್ಲೆಗಳಲ್ಲಿ ಕೊರಗ ಸಮುದಾಯದ ಮೇಲೆ ಹೇರಿದ್ದ ಅಜಲು ಪದ್ಧತಿಗೆ (ಅವರನ್ನು ಕೀಳೆಂದು ಕಂಡು ಹೀನ ಸೇವೆ ಮಾಡಿಸಿಕೊಳ್ಳುವ ರೂಢಿಗೆ) ಸಂಪ್ರದಾಯ, ನಂಬಿಕೆ ಎಂಬ ಹೆಸರು ಕೊಟ್ಟೇ ಅದನ್ನು ಉಳಿಸಿಕೊಂಡು ಬರಲಾಗಿತ್ತು. ಕಾಯ್ದೆ ಮಾಡಿ ಅದನ್ನು ನಿಷೇಧಿಸಲು 2000ನೇ ಇಸವಿಯವರೆಗೆ ಕಾಯಬೇಕಾಯಿತು. ಪವಿತ್ರವೆಂಬ ಹೆಸರಿನಲ್ಲಿ ಎಷ್ಟು ಕಾಲ ಎಷ್ಟು ಹಿಂಸೆ ನಡೆಯಬಲ್ಲದು ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

ಗ್ರಂಥದೊಳಗೇ ಮುಳ್ಳಿರುವ ಜಾಗಗಳೂ ಇವೆ. ಆದಿಕಾಂಡದ 16ನೇ ಅಧ್ಯಾಯದಲ್ಲಿ ಯಜಮಾನಿಯ ಹಿಂಸೆ ತಾಳದೆ ಮರುಭೂಮಿಗೆ ಓಡಿದ ದಾಸಿ ಹಾಗರಳು ದೇವರನ್ನು "ನನ್ನನ್ನು ನೋಡುವವನು" ಎಂದು ಕರೆಯುತ್ತಾಳೆ. ಯಾರ ಕಣ್ಣಿಗೂ ಮನುಷ್ಯಳಾಗಿ ಕಾಣದವಳು ದೇವರಿಗೆ ಇಟ್ಟ ಹೆಸರು ಇದು, ವಾರವಿಡೀ ಧ್ಯಾನಿಸಲು ಇದೊಂದೇ ಸಾಕು. ಆದರೆ ಅದೇ ಅಧ್ಯಾಯದಲ್ಲಿ ದೂತ ಅವಳಿಗೆ ಹಿಂದಿರುಗಿ ಹೋಗಿ ಯಜಮಾನಿಗೆ ತಗ್ಗಿ ನಡೆದುಕೋ ಎನ್ನುತ್ತಾನೆ. ಮನೆಯಲ್ಲಿ ಪೆಟ್ಟು ತಿನ್ನುವ ಹೆಂಗಸರು ಆ ವಾಕ್ಯವನ್ನು ತಮಗೆ ಬಂದ ಆಜ್ಞೆ ಎಂದು ಓದಬಾರದು. 21ನೇ ಅಧ್ಯಾಯದವರೆಗೂ ಓದಿ. ಅಲ್ಲಿ ಅವಳು ಪುನಃ ಮರುಭೂಮಿಯಲ್ಲಿದ್ದಾಳೆ, ನೀರು ಮುಗಿದು ಮಗು ಸಾಯುವಂತಿದೆ. ಈ ಸಲ ಹಿಂದಿರುಗು ಎಂಬ ಮಾತೇ ಬರುವುದಿಲ್ಲ. ಅವಳ ಕಣ್ಣು ತೆರೆಯುತ್ತದೆ, ನೀರಿನ ಬಾವಿ ಕಾಣುತ್ತದೆ. ಒಂದು ವಾಕ್ಯವನ್ನು ಅದರ ಇಡೀ ಕತೆಯಿಂದ ಕಿತ್ತು ನಿಮ್ಮ ಮುಂದೆ ಹಿಡಿಯುವವರಿಗೆ ಉತ್ತರ ಅದೇ ಗ್ರಂಥದ ಮುಂದಿನ ಪುಟಗಳಲ್ಲಿ ಇರುತ್ತದೆ.

ಸರಿಯಾದ ಒಳಗಿನ ಓದು ಎಂಥ ಕೆಲಸಕ್ಕೆ ಹಚ್ಚುತ್ತದೆ ಎಂದು ನೋಡಬೇಕಾದರೆ ಮಂಗಳೂರಿನ ಕುದ್ರೋಳಿಗೆ ಹೋಗಿ. ಜಾತಿಯ ಕಾರಣಕ್ಕೆ ದೇವಸ್ಥಾನಗಳ ಹೊರಗೆ ನಿಲ್ಲಬೇಕಾಗಿದ್ದ ಬಿಲ್ಲವರ ಕೋರಿಕೆಯಂತೆ ನಾರಾಯಣ ಗುರುಗಳು 1912ರಲ್ಲಿ ಅಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದರು. ಎಲ್ಲರಲ್ಲಿರುವುದೂ ಒಂದೇ ಆತ್ಮ ಎಂಬ ಅದ್ವೈತವನ್ನು ಅವರು ಕಣ್ಣು ಮುಚ್ಚಿ ಕೂರುವುದಕ್ಕೆ ಮೀಸಲಿಡಲಿಲ್ಲ. ಉಪನಿಷತ್ತುಗಳನ್ನು ಆಧಾರವಾಗಿಟ್ಟುಕೊಂಡ ಬ್ರಹ್ಮಸಮಾಜವನ್ನು ಸೇರಿದ ಕುದ್ಮುಲ್ ರಂಗರಾಯರು 1897ರಲ್ಲಿ ಮಂಗಳೂರಿನಲ್ಲಿ ದಲಿತರ ಏಳಿಗೆಗಾಗಿ ಸಂಸ್ಥೆ ಕಟ್ಟಿ, ಅವರ ಮಕ್ಕಳಿಗೆ ಶಾಲೆ ನಡೆಸಿದರು. ಅದಕ್ಕಾಗಿ ತಮ್ಮವರಿಂದಲೇ ಬಹಿಷ್ಕಾರ ಎದುರಿಸಿದರು. ಅವರನ್ನು ಓದಿಸಿದ್ದು ಯಾವ ಗ್ರಂಥ, ಅವರು ಓದಿದ್ದು ಹೇಗೆ ಎಂದು ಯೋಚಿಸುತ್ತಾ ಆ ದಾರಿಯಲ್ಲಿ ನಡೆದು ನೋಡಿ.

ಜೊತೆಗಾರರು, ಮುಂದಿನ ಓದು

ಸಾಧ್ಯವಾದರೆ ಎರಡು ಮೂರು ಜನ ಸೇರಿ ಓದಿ. ಒಬ್ಬರು ಓದಲಿ, ಇನ್ನೊಬ್ಬರು ಅರ್ಥ ಹೇಳಲಿ, ಮೂರನೆಯವರು ಬರೀ ಕೇಳಲಿ. ಒಬ್ಬರ ಅರ್ಥಕ್ಕೆ ಇನ್ನೊಬ್ಬರು ತಿದ್ದುಪಡಿ ಹೇಳಬಾರದು, ಅಲ್ಲಿ ಆಡಿದ್ದು ಹೊರಗೆ ಹೋಗಬಾರದು. ಬೇರೆ ಧರ್ಮದ ಗೆಳತಿಯೋ ಗೆಳೆಯನೋ ಇದ್ದರೆ ಒಂದು ವಾರ ಅವರ ಗ್ರಂಥ, ಒಂದು ವಾರ ನಿಮ್ಮದು. ಬೈಬಲಿನ ಯೋಸೇಫ, ಕುರ್‌ಆನಿನ ಯೂಸುಫ್ ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ಓದುವುದಕ್ಕಿಂತ ಒಳ್ಳೆಯ ಆರಂಭ ನನಗೆ ಗೊತ್ತಿಲ್ಲ. ನಮ್ಮ ಊರಿನ ಈಗಿನ ಗಾಳಿಯಲ್ಲಿ ಹಾಗೆ ಒಟ್ಟಿಗೆ ಕೂರುವುದಕ್ಕೂ ಧೈರ್ಯ ಬೇಕು, ಅದು ನನಗೆ ಗೊತ್ತುಂಟು.

ಸಭಾಪರ್ವದ ವಾರಗಳು ಮುಗಿದ ಮೇಲೆ ಉದ್ಯೋಗಪರ್ವಕ್ಕೆ ಹೋಗಿ. ಕೃಷ್ಣ ಸಂಧಾನಕ್ಕೆ ಹೊರಟು ನಿಂತಿದ್ದಾನೆ, ಭೀಮ ಅರ್ಜುನರೂ ಮೆತ್ತಗೆ ಮಾತಾಡುತ್ತಿದ್ದಾರೆ. ದ್ರೌಪದಿ ತನ್ನ ಕೂದಲನ್ನು ಕೈಯಲ್ಲಿ ಹಿಡಿದು ಅವನ ಮುಂದೆ ಬಂದು, ಸಂಧಿಯ ಮಾತಾಡುವಾಗ ದುಃಶಾಸನ ಎಳೆದ ಈ ಮುಡಿಯನ್ನು ನೆನಪಿಟ್ಟುಕೋ ಎನ್ನುತ್ತಾಳೆ. ಆ ಭಾಗಕ್ಕೆ ಎರಡು ವಾರ ಕೊಡಿ. ಮೊದಲ ವಾರ ಅವಳಾಗಿ ಅರ್ಥ ಹೇಳಿ. ಎರಡನೆಯ ವಾರ, ನಿಮ್ಮ ಮನೆಯಲ್ಲೋ ಕೆಲಸದಲ್ಲೋ ರಾಜಿಯ ಮಾತು ಬಂದಾಗ ಯಾವ ಒಂದು ಸಂಗತಿಯನ್ನು ಬಿಟ್ಟುಕೊಡಲಾರಿರಿ ಎಂದು ಬರೆದು, ಆ ಕಾಗದವನ್ನು ಪುಸ್ತಕದ ಅದೇ ಪುಟದಲ್ಲಿ ಇಡಿ.